ತೋಳಕ್ಕೊಂದು ಜಾಗ

ನಡಾವಳಿ ಬರೆಯುವವಳು ನಾನು, ಮಾಯ್ಮು.
ಬರೆಯುವವಳಿಗೆ ಮತವಿದೆ, ಮಾತಿಲ್ಲ.

ತಾರ್ತು ಊರಿನ ಶಾಲೆಯೊಂದರ ಸಂಗೀತದ ಕೋಣೆ.
ಮಾರ್ಚ್ ತಿಂಗಳು. ಹೊರಗೆ ಹೊಳೆಯ ಮೇಲಿನ ಹಿಮ
ಹಪ್ಪಳ ಮುರಿದಂತೆ ಮುರಿಯುತ್ತಿದೆ.
ಒಳಗೆ ಮಕ್ಕಳ ಕುರ್ಚಿಗಳಲ್ಲಿ ಮೊಣಕಾಲು ಮಡಚಿಕೊಂಡು
ಅರವತ್ತಮೂರು ಮಂದಿ ಪಿಯಾನೋ ಶ್ರುತಿಗಾರರು.
ಕಿವಿಯಿಂದಲೇ ಅನ್ನ ತಿನ್ನುವವರು,
ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳಿದ್ದು ಮಾತ್ರ
ಅಪರೂಪ.

ವಿಷಯ ಒಂದೇ: ಹತ್ತೊಂಬತ್ತು ಜನರ ಮಂಡಳಿ ಏಳಕ್ಕಿಳಿಯಬೇಕು.
ಜಿಲ್ಲೆಗೊಂದು ಕುರ್ಚಿ ಎಂಬುದು ಹೋಗಬೇಕು.
ಎರಡು ಅವಧಿ ಮುಗಿಸಿದವರು ಮನೆಗೆ;
ಲೆಕ್ಕ ಬಲ್ಲ ಹೊರಗಿನವರೊಬ್ಬರು ಒಳಗೆ.
ಎಂಬತ್ತನಾಲ್ಕು ಸದಸ್ಯರಿಗೆ ಹತ್ತೊಂಬತ್ತು ಯಜಮಾನರು,
ಅನ್ನಕ್ಕಿಂತ ಸೌಟೇ ಹೆಚ್ಚು, ಎಂದಳು ಲೀಸು.
ಹೋದ ವರ್ಷ ಮಂಡಳಿ ಐದು ಸಲ ಸೇರಿತ್ತು,
ಮುಂದಿನ ಸಭೆಯ ತಾರೀಖನ್ನು
ಐದು ಸಲವೂ ಒಮ್ಮತದಿಂದ ತೀರ್ಮಾನಿಸಿತ್ತು.
ತರಬೇತಿ ಶುಲ್ಕ ಇಳಿಸಿ ಎಂಬ ಹೊಸ ಹುಡುಗರ ಅರ್ಜಿ
ನನ್ನ ಕಡತದಲ್ಲಿ ಮೂರು ಚಳಿಗಾಲ ಕಳೆದಿದೆ,
ಕಾಫಿಯ ಕಲೆ ಸಮೇತ.

ಎಂಡೆಲ್ ಎದ್ದ. ಕೊರಳಪಟ್ಟಿಯವರೆಗೂ ಕೆಂಪು.
'ಹಿಯುಮಾ ದ್ವೀಪದಲ್ಲಿ ಇರುವುದೇ ಮೂವರು.
ಅವರ ಕುರ್ಚಿ ಕಿತ್ತರೆ
ಕಡಲಾಚೆಯ ಮಾತು ಇಲ್ಲಿ ಯಾರಿಗೆ ಕೇಳುತ್ತದೆ?'
ಎಲ್ಲರೂ ವಾಂಬೊಲನ ಕಡೆ ತಿರುಗಿದರು.
ಮೂವತ್ತೊಂದು ವರ್ಷದಿಂದ ಆ ಕುರ್ಚಿ ಅವನದು.
ಅವನು ಕನ್ನಡಕ ಒರೆಸುತ್ತಿದ್ದ.

ಕೈಗಳನ್ನು ಎಣಿಸಿದೆ. ಪರ ನಲವತ್ತೊಂದು
(ಒಂದು ನನ್ನದು, ಎಡಗೈ; ಬಲದಲ್ಲಿ ಪೆನ್ನು).
ವಿರೋಧ ಇಪ್ಪತ್ತೊಂದು.
ಬೇಕಾದದ್ದು ನಲವತ್ತೆರಡು.
ಮತ್ತೆ ಎಣಿಸಿದೆ. ಒಂದು ಜೊತೆ ಕೈ
ಇನ್ನೂ ಕನ್ನಡಕ ಒರೆಸುತ್ತಲೇ ಇತ್ತು.

ಆಮೇಲೆ ಅವನು ಎದ್ದು ಪಿಯಾನೋದ ಹತ್ತಿರ ಹೋದ.
'ನಿನ್ನೆಯೇ ಬಂದೆ. ಕಾವಲಿನವನ ಕೈಯಿಂದ ಕೀಲಿ ಇಸಕೊಂಡೆ.
ನಡುವಿನ ಮೂರು ಸ್ಥಾಯಿ ಹಳೆಯ ಪದ್ಧತಿಗೆ ತಿರುಗಿಸಿದ್ದೇನೆ,
ಮಕ್ಕಳಿಗೆ ಹೇಳಬೇಡಿ.'

ಒಂದು ಪಂಚಮ ನುಡಿಸಿದ. ನಿಂತ ನೀರು.
ಇನ್ನೊಂದು. ಮತ್ತೊಂದು.
ಹನ್ನೊಂದರಲ್ಲಿ ಒಂದೂ ಅಲುಗಲಿಲ್ಲ.
ಮುಂದಿನದೇನೆಂದು ಬಲ್ಲವರು
ಆಗಲೇ ಹಲ್ಲು ಕಚ್ಚಿದ್ದರು.
ಹನ್ನೆರಡನೆಯದು
ಊಳಿಟ್ಟಿತು.

ನಮ್ಮ ಕಸುಬಿನಲ್ಲಿ ಅದಕ್ಕೆ ತೋಳವೆಂದೇ ಹೆಸರು.
ಸ್ವರಗಳ ಸುತ್ತು ಎಂದೂ ಕೂಡುವುದಿಲ್ಲ,
ಎಷ್ಟೇ ಎಳೆದರೂ ಸಾಸಿವೆಯಷ್ಟು ಮಿಕ್ಕೇ ಮಿಗುತ್ತದೆ.
ಮಿಕ್ಕದ್ದನ್ನೆಲ್ಲ ಗುಡಿಸಿ ಒಂದು ಮೂಲೆಗೆ ತಳ್ಳಿ
ಆ ದಿಕ್ಕಿಗೆ ಹಾಡದೆಯೇ ಬದುಕಿದರು ಹಿಂದಿನವರು.

'ಹತ್ತೊಂಬತ್ತು ಕುರ್ಚಿ,' ಎಂದ ವಾಂಬೊಲ,
'ಎಲ್ಲರ ಪಂಚಮವೂ ಶುದ್ಧ. ನನ್ನದೂ.
ತೋಳ ಎಲ್ಲಿತ್ತು ಹೇಳಲೆ? ಮಾಯ್ಮುವಿನ ಕಡತದಲ್ಲಿ.'

ಕೈ ಎತ್ತಿದ. ಎತ್ತಿದ ಕೈ ಇಳಿಸದೆ ಮತ್ತೆ ಹೇಳಿದ:
'ಹಡಗಿನ ಚಾರ್ಜು ಸಂಘವೇ ಕೊಡಬೇಕು.
ಕುರ್ಚಿಯಿಲ್ಲದೆಯೂ ಬರುತ್ತೇನೆ, ಜಗಳಕ್ಕೆ.'
ಅದು ಈಗ ನಿಯಮ ಹದಿನಾಲ್ಕು.

ಎಲ್ಲರೂ ಸೂಪಿಗೆ ಹೋದರು.
ಎಂಡೆಲ್ ಅವನ ಮುಖ ನೋಡದೆ ಕೋಟು ತೊಟ್ಟ.
ನಾನು ಉಳಿದೆ, ತಂತಿಗಳ ನಡುವೆ
ಉಣ್ಣೆಪಟ್ಟಿ ಹಿಡಿದು.
ಒಂದೊಂದು ಪಂಚಮದಿಂದಲೂ ಕೂದಲೆಳೆಯಷ್ಟು ಕದಿಯುತ್ತ
ಅವನು ಆ ಊಳನ್ನು ಹನ್ನೆರಡು ಮನೆಗೆ ಹಂಚಿದ.
ಯಾವುದೂ ಈಗ ಪೂರ್ತಿ ಸರಿಯಿಲ್ಲ.
ಮಕ್ಕಳು ಎಲ್ಲಿಂದ ಬೇಕಾದರೂ ಶುರು ಮಾಡಬಹುದು.

ಸುಳ್ಳೇಕೆ, ಆ ನಿಂತ ನೀರು ನನ್ನ ಕಿವಿಯಲ್ಲಿ ಇನ್ನೂ ಇದೆ.

ಕೊನೆಯ ಹಡಗು ತಪ್ಪಿತು ಅವನಿಗೆ.
ನಡಾವಳಿಯ ಕೊನೆಗೆ ಬರೆಸಿದ, ಎರಡು ಸಲ ಓದಿಸಿ ಕೇಳಿದ:
'ಶಾಲೆಯ ಪಿಯಾನೋವನ್ನು
ಮೊದಲು ಇದ್ದ ಹಾಗೆಯೇ ಒಪ್ಪಿಸಲಾಗಿದೆ.'